ಬೊಮ್ಮಲಿಂಗಪ್ಪನವರ ಎರಡು ಜಿಬಿ

ನಮ್ಮ ಹೆಡ್ ಕ್ಲರ್ಕ್ ಬೊಮ್ಮಲಿಂಗಪ್ಪನವರಿಗೆ ಮೂವತ್ತಾರು ವರ್ಷದ ಸರ್ವೀಸಿನಲ್ಲಿ ಯಾರೂ ಒಂದು ಮೆಮೋ ಕೊಟ್ಟಿರಲಿಲ್ಲ. ಕಡೆಗೂ ಕೊಟ್ಟದ್ದು ಒಂದು ಕಂಪ್ಯೂಟರ್. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅವರು ಊಟದ ಡಬ್ಬಿಯನ್ನು ಮೇಜಿನ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು ಪರದೆ ನೋಡಿದರೆ ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆ ಕೂತಿತ್ತು: ನಿಮ್ಮ ಮೇಲ್‌ಬಾಕ್ಸ್ ತುಂಬುತ್ತಾ ಬಂದಿದೆ, ಕೂಡಲೇ ಜಾಗ ಮಾಡಿಕೊಳ್ಳದಿದ್ದರೆ ಇನ್ನು ನಿಮಗೆ ಪತ್ರಗಳು ಬರುವುದಿಲ್ಲ.

"ವೀರೇಶ, ಇದು ಯಾರ ಸಹಿ ಮೇಲೆ ಬಂದೈತೆ ನೋಡು," ಅಂತ ನನ್ನನ್ನು ಕರೆದರು. ನಾನು ಅವರ ಎದುರು ಮೇಜಿನ ಗುಮಾಸ್ತ.

"ಸಹಿ ಇಲ್ಲ ಸಾರ್. ಮಿಷನ್ನೇ ಕಳಿಸಿರೋದು."

"ಸಹಿ ಇಲ್ಲದ ಕಾಗದಕ್ಕೆ ಹೆದರೋ ಜಾತಿಯೋನಲ್ಲ ನಾನು," ಅಂದರು. ಆದರೆ ಹನ್ನೊಂದು ಗಂಟೆಯ ಟೀಯನ್ನು ಅರ್ಧಕ್ಕೇ ಬಿಟ್ಟರು. ಅದನ್ನು ಕಂಡ ಮೇಲೆ ನಮಗೆಲ್ಲ ಪರಿಸ್ಥಿತಿಯ ಗಾಂಭೀರ್ಯ ಅರ್ಥವಾಯಿತು.

ನಮ್ಮದು ಹಂಸಗಂಗಾ ರೇಷ್ಮೆ ನೇಕಾರರ ಸಹಕಾರ ಸಂಘ. ಆಫೀಸು ಚಳ್ಳಕೆರೆಯಲ್ಲಿ, ಒಂದು ಎಣ್ಣೆ ಮಿಲ್ಲಿನ ಹಿಂದೆ. ಮಧ್ಯಾಹ್ನ ಗಾಳಿ ತಿರುಗಿದರೆ ನಮ್ಮ ಕಡತಗಳೆಲ್ಲ ಶೇಂಗಾ ಹಿಂಡಿಯ ವಾಸನೆ ಹೊಡೆಯುತ್ತವೆ. ಮಗ್ಗಗಳು, ನೇಕಾರರು, ಒಂದು ಸಣ್ಣ ಶಾಖೆ ಎಲ್ಲ ಮೊಳಕಾಲ್ಮೂರಿನಲ್ಲಿ. ಸೀರೆ ಅಲ್ಲಿ, ಸೀಲು ಇಲ್ಲಿ. 2010ರಲ್ಲಿ ಸಂಘಕ್ಕೆ ಇ-ಮೇಲ್ ಬಂದಾಗ ಎರಡು ದಿನದ ತರಬೇತಿ ನಡೆಯಿತು. "ಯಾರ ಹೆಸರಿನಲ್ಲಿ ವಿಳಾಸ ಮಾಡೋಣ?" ಅಂತ ತರಬೇತಿಯವನು ಕೇಳಿದಾಗ ಕೈ ಎತ್ತಿದವರು ಇವರೊಬ್ಬರೇ. ಎರಡನೇ ಸಲ ಟೀ ಕೇಳಲು ಎತ್ತಿದ್ದು ಅಂತ ಕೆಲವರು ಹೇಳುತ್ತಾರೆ, ನಾನು ನಂಬುವುದಿಲ್ಲ. ಅಂತೂ ಅಂದಿನಿಂದ ಬೆಂಗಳೂರಿರಲಿ, ಹೈದರಾಬಾದಿರಲಿ, ಸಂಘಕ್ಕೆ ಯಾರು ಏನು ಬರೆದರೂ ಅದು ಬೊಮ್ಮಲಿಂಗಪ್ಪ ಅನ್ನುವ ಹೆಸರಿಗೇ ಬರುತ್ತಿತ್ತು. ಮದುವೆ ಮನೆಗಳಲ್ಲಿ ಪಂಕ್ತಿಯಲ್ಲಿ ಕೂತಾಗ ಪಕ್ಕದವರಿಗೆ, "ಏನಿದ್ರೂ ನನ್ನ ಮೇಲಿಗೆ ಹಾಕಿಬಿಡ್ರಿ," ಅನ್ನುವುದು ಅವರಿಗೆ ರೂಢಿಯಾಯಿತು. ಇವರು ಸಾರನ್ನೋ ಪಾಯಸವನ್ನೋ ಮೈಮೇಲೆ ಹಾಕಲು ಹೇಳುತ್ತಿದ್ದಾರೆಂದು ಪಕ್ಕದವರು ಗಾಬರಿಯಾದದ್ದೂ ಉಂಟು.

ಹದಿನಾಲ್ಕು ವರ್ಷ ಪತ್ರಗಳು ಬಂದವು. ಆಪರೇಟರು ಪ್ರಿಂಟ್ ತೆಗೆದು ಕೊಟ್ಟವನ್ನಷ್ಟೇ ಇವರು ಓದಿದರು. ಒಂದನ್ನೂ ಯಾರೂ ಅಳಿಸಲಿಲ್ಲ. ಪೆಟ್ಟಿಗೆಯ ಅಳತೆ ಎರಡು ಜಿಬಿ.

ವ್ಯವಸ್ಥಾಪಕಿ ದಾಕ್ಷಾಯಿಣಿ ಮೇಡಂ ಒಳಗೆ ಕರೆದರು. "ಬೊಮ್ಮಲಿಂಗಪ್ನೋರೇ, ಹೈದರಾಬಾದ್ ಪ್ರದರ್ಶನದ ಮಳಿಗೆ ಪತ್ರ ಶುಕ್ರವಾರ ಬರ್ತೈತೆ. ಅವತ್ತೇ ಐದು ಗಂಟೆಯೊಳಗೆ ಒಪ್ಪಿಗೆ ಕಳಿಸ್ಬೇಕು. ನಾಲ್ಕು ವರ್ಷ ಆಯ್ತು ನಮಗೆ ಮಳಿಗೆ ಸಿಕ್ಕಿ. ನಲವತ್ತು ಮನೆ ನೇಕಾರರು ಸೀರೆ ಮಡಚಿಟ್ಟು ಕಾಯ್ತಾ ಕೂತವ್ರೆ. ನಿಮ್ಮ ಡಬ್ಬಿ ತುಂಬಿ ಆ ಪತ್ರ ವಾಪಸ್ ಹೋದ್ರೆ ನಾನು ಅವರಿಗೆ ಮುಖ ತೋರ್ಸೋ ಹಂಗಿಲ್ಲ."

"ಶುಕ್ರವಾರದೊಳಗೆ ಕ್ಲೀನ್ ಮಾಡ್ತೀನಿ ಮೇಡಂ. ಜವಾಬ್ದಾರಿ ನಂದು."

ನಮ್ಮ ಆಪರೇಟರ್ ರಶ್ಮಿತಾ, "ಸಾರ್, ಹಳೇವೆಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಹೊಡೆದ್ರೆ ಐದು ನಿಮಿಷದ ಕೆಲಸ," ಅಂದಳು.

ಬೊಮ್ಮಲಿಂಗಪ್ಪನವರು ಅವಳನ್ನು, ಗರ್ಭಗುಡಿಗೆ ಚಪ್ಪಲಿ ಹಾಕಿಕೊಂಡು ಬಂದವಳನ್ನು ನೋಡುವಂತೆ ನೋಡಿದರು. "ನೋಡಮ್ಮಾ, ನಾನು ಟಪಾಲು ಗುಮಾಸ್ತನಾಗಿ ಸೇರಿದೋನು. ಬಂದ ಕಾಗದಕ್ಕೆ ಉತ್ತರ ಹೋಗ್ಬೇಕು. ಉತ್ತರ ಹೋದ ಮೇಲೆ ವಿಲೇವಾರಿ. ಉತ್ತರ ಕೊಡದೆ ಕಾಗದ ಹರಿದು ಹಾಕೋದು ಕಳ್ಳತನಕ್ಕೆ ಸಮ."

"ಹತ್ತು ವರ್ಷದ ಹಿಂದಿನ ಕಾಗದಕ್ಕೂನಾ ಸಾರ್?"

"ಕಾಗದಕ್ಕೆ ವಯಸ್ಸಾಗಲ್ಲ."

ರಶ್ಮಿತಾ ತನ್ನ ರಜೆ ಅರ್ಜಿ ಬರೆಯಲು ಕೂತಳು. ಗೌರಸಮುದ್ರದಲ್ಲಿ ಅವಳ ಅಕ್ಕನ ನಿಶ್ಚಿತಾರ್ಥವಿತ್ತು. ಶುಕ್ರವಾರ ಬರ್ತೀನಿ ಅಂತ ಹೇಳಿ ಸಂಜೆಯ ಬಸ್ಸು ಹಿಡಿದಳು. ಹೀಗೆ ಇಡೀ ಕಚೇರಿಯಲ್ಲಿ ಕಂಪ್ಯೂಟರ್ ಗೊತ್ತಿದ್ದ ಒಬ್ಬಳೂ ಹೋಗಿ, ಗೊತ್ತಿದೆಯೆಂದು ನಂಬಿದ್ದ ನಾವಿಬ್ಬರು ಉಳಿದೆವು.

ಮಂಗಳವಾರ ಕೆಲಸ ಶುರುವಾಯಿತು. ಬೊಮ್ಮಲಿಂಗಪ್ಪನವರು 2010ರ ಮೊದಲನೇ ಪತ್ರ ತೆಗೆದು, ಉತ್ತರ ತಯಾರಿಸಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಸಂಘದ ಗುಂಡು ಸೀಲು ಒತ್ತಿದರು. ಸೀಲಿಲ್ಲದ ಉತ್ತರ ಉತ್ತರವೇ ಅಲ್ಲವಲ್ಲ. ಆಮೇಲೆ ನಾನು ಅದನ್ನು ಸ್ಕ್ಯಾನ್ ಮಾಡಿ, ಸೀಲಿನ ನೀಲಿ ಬಣ್ಣ ಚೆನ್ನಾಗಿ ಕಾಣಲಿ ಅಂತ ದೊಡ್ಡ ಸೈಜಿನಲ್ಲಿ, ಮೇಲಿಗೆ ಲಗತ್ತಿಸಿ ಕಳಿಸುತ್ತಿದ್ದೆ. ಕಳಿಸಿದ ಪ್ರತಿಯೊಂದೂ ಅದೇ ಪೆಟ್ಟಿಗೆಯ ಇನ್ನೊಂದು ಮೂಲೆಯಲ್ಲಿ ಹೋಗಿ ಕೂರುತ್ತದೆ ಅನ್ನುವುದು ನಮಗೆ ಯಾರಿಗೆ ಗೊತ್ತಿತ್ತು?

ಪರದೆಯ ಕೆಳಗಿನ ಮೂಲೆಯಲ್ಲಿ ಒಂದು ನೀಲಿ ಪಟ್ಟಿಯೂ, ಪಕ್ಕದಲ್ಲಿ ಶೇಕಡಾ ತೊಂಬತ್ತಮೂರು ಅಂತಲೂ ಇತ್ತು. ಮಧ್ಯಾಹ್ನದ ಹೊತ್ತಿಗೆ ಅದು ತೊಂಬತ್ತನಾಲ್ಕಾಯಿತು.

"ನೋಡ್ದ್ಯಾ ವೀರೇಶ! ಗುರಿ ಸಾಧನೆ ತಾನೇ ತೋರಿಸ್ತೈತೆ!" ಅಂದರು. ನಮ್ಮಲ್ಲಿ ಶೇಕಡಾ ಅಂದರೆ ಎಂದೂ ಸಾಧನೆಯೇ. ಅದು ಕೊರತೆಯನ್ನೂ ಸೂಚಿಸಬಹುದು ಅನ್ನುವ ಕಲ್ಪನೆ ನನಗೂ ಬರಲಿಲ್ಲ.

ಬುಧವಾರ ಉತ್ತರಗಳು ತಲುಪತೊಡಗಿದವು.

ಮೊದಲ ಫೋನು ಮೊಳಕಾಲ್ಮೂರಿನಿಂದ, ಶಾಖೆಯ ಯತ್ತಪ್ಪನ ಹೆಂಡತಿ ರೂಪಳದು. ಯತ್ತಪ್ಪ 2010ರಲ್ಲಿ, ತನ್ನ ಮದುವೆಗೆ ಐದು ದಿನ ರಜೆ ಬೇಕೆಂದು ಮೇಲ್ ಕಳಿಸಿದ್ದ. ಮಂಗಳವಾರ ಅದಕ್ಕೆ ಸೀಲು ಸಮೇತ ಉತ್ತರ ಹೋಗಿತ್ತು: ತಮ್ಮ ವಿವಾಹದ ನಿಮಿತ್ತ ಕೋರಿದ ಐದು ದಿನಗಳ ರಜೆಯನ್ನು ಮಂಜೂರು ಮಾಡಿದೆ, ಶುಭವಾಗಲಿ. ಯತ್ತಪ್ಪ ಸ್ನಾನಕ್ಕೆ ಹೋದಾಗ ಅವನ ಮೊಬೈಲಿನಲ್ಲಿ ರೂಪ ಅದನ್ನು ಓದಿದ್ದಳು.

"ಸಾರ್, ಒಂದು ಮಾತು ಕೇಳ್ತೀನಿ, ನಿಜ ಹೇಳ್ರಿ. ನನ್ನ ಗಂಡ ಯಾರನ್ನ ಮದುವೆ ಆಗ್ತಾವ್ನೆ?"

"ನಿಮ್ಮನ್ನೇ ಕಣಮ್ಮ!"

"ನನ್ನನ್ನ ಆಗಿ ಹದಿನಾಲ್ಕು ವರ್ಷ ಆತು! ಮಗ ಎಂಟನೇ ಕ್ಲಾಸು! ಈಗ ಯಾವ ಮದುವೆಗೆ ರಜೆ ಕೊಟ್ರಿ? ನೀವು ದೊಡ್ಡೋರು, ಬುದ್ಧಿ ಹೇಳೋದು ಬಿಟ್ಟು ಶುಭವಾಗಲಿ ಅಂತೀರಲ್ಲ!"

ಹಿಂದಿನಿಂದ ಯತ್ತಪ್ಪನ ದನಿ ಕೇಳಿಸಿತು. "ಸಾರ್, ಮೈಮೇಲೆ ಸೋಪೈತೆ ಸಾರ್, ಬಾಗಿಲು ತೆಗೀತಿಲ್ಲ ಇವಳು..." ಆಮೇಲೆ ಫೋನು ಕಟ್ಟಾಯಿತು.

ಬೊಮ್ಮಲಿಂಗಪ್ಪನವರು ಗಂಟಲು ಸರಿಮಾಡಿಕೊಂಡು, "ವಿಲೇವಾರಿ ತಡ ಆದ್ರೆ ಹಿಂಗೆ ಆಗೋದು," ಅಂತ ಕಚೇರಿಯ ತಪ್ಪನ್ನು ಕಾಲದ ಮೇಲೆ ಹೊರಿಸಿದರು.

ಎರಡನೆಯದು ಗಡಿಯಾಚೆಯ ರಾಯದುರ್ಗದಿಂದ. ಅಲ್ಲಿನ ನೂಲು ವ್ಯಾಪಾರಿ ಗೋವರ್ಧನ 2011ರಲ್ಲಿ ಗೃಹಪ್ರವೇಶಕ್ಕೆ ಕರೆದಿದ್ದ. ಕುಟುಂಬ ಸಮೇತ ತಪ್ಪದೆ ಬರುವುದಾಗಿ ಇವರು ಬರೆದಿದ್ದರು. "ಏಂ ಸಾರ್, ಆ ಇಲ್ಲು ಎಪ್ಪುಡೋ ಅಮ್ಮೇಶಾನು!" ಅಂತ ಅವನು ಕಿರುಚಿದ. ಆಮೇಲೆ ನಮಗೆ ತಿಳಿಯಲೆಂದು ಕನ್ನಡಕ್ಕೆ ಇಳಿದ. "ಆ ಮನೆ ಮಾರಿ ಏಳು ವರ್ಷ ಆಯ್ತು ಸಾರ್. ಆದ್ರೂ ನೀವು ಬರ್ತೀನಿ ಅಂದ್ಮೇಲೆ ಬ್ಯಾಡ ಅನ್ನೋಕಾಗ್ತದಾ? ಈಗ ಬಾಡಿಗೆ ಮನೇಲಿದೀನಿ. ಭಾನುವಾರ ಬನ್ನಿ, ನಾಟಿ ಕೋಳಿ ಮಾಡಿಸ್ತೀನಿ."

"ನಾನು ಲಿಂಗ ಕಟ್ಟಿದೋನು ಗೋವರ್ಧನ."

"ಹಂಗಾದ್ರೆ ಪಾಯಸ."

ಗುರುವಾರ ಸಂಜೆ ಪಟ್ಟಿ ತೊಂಬತ್ತೊಂಬತ್ತು ಮುಟ್ಟಿತು. ಎಪ್ಪತ್ತೊಂದು ಉತ್ತರ ಹೋಗಿದ್ದವು. ಬೊಮ್ಮಲಿಂಗಪ್ಪನವರು ಮೇಡಂ ಕೋಣೆಯ ಬಾಗಿಲಲ್ಲಿ ನಿಂತು, "ತೊಂಬತ್ತೊಂಬತ್ತು ಪರ್ಸೆಂಟ್ ಆಯ್ತು ಮೇಡಂ. ನಾಳೆ ಒಂದೇ ಬಾಕಿ," ಅಂದರು. ಮೇಡಂ ಕಣ್ಣರಳಿಸಿ, "ನಿಮ್ಮಂಥೋರು ಇರೋದ್ರಿಂದ ಸಂಘ ನಡೀತೈತೆ," ಅಂದು, ಮರುದಿನ ನಿಶ್ಚಿಂತೆಯಿಂದ ಚಿತ್ರದುರ್ಗದ ಮೀಟಿಂಗಿಗೆ ಹೊರಡಲು ತಯಾರಾದರು.

ಬೊಮ್ಮಲಿಂಗಪ್ಪನವರ ಮನೆಯಲ್ಲಿ ಹೆಂಡತಿ ಬಸವಲಿಂಗಮ್ಮನವರಿಗೆ ಯಜಮಾನರು ಹೇಳಿದ್ದು ಪೂರ್ತಿ ತಿಳಿಯದಿದ್ದರೂ ಅಂಕಿ ತಿಳಿಯಿತು. ಅವರು ಅದನ್ನು ಕಾಂಪೌಂಡಿನಾಚೆ ಹೇಳಿದರು. ಅರ್ಧ ಗಂಟೆಯಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅಜ್ಜಪ್ಪನವರು ಬಾಳೆಹಣ್ಣು ಹಿಡಿದು ಬಂದರು. "ನಿಮ್ಮನೇಲಿ ತೊಂಬತ್ತೊಂಬತ್ತು ಬಂತಂತೆ! ಯಾವ ಪರೀಕ್ಷೆ? ಯಾರು ಬರೆದಿದ್ದು?"

"ನಾನೇ ಬರೆದಿದ್ದು ಮೇಷ್ಟ್ರೇ. ಎಪ್ಪತ್ತೊಂದು ಉತ್ತರ," ಅಂದರು ಬೊಮ್ಮಲಿಂಗಪ್ಪ ವಿನಯದಿಂದ.

"ಎಪ್ಪತ್ತೊಂದು ಉತ್ತರಕ್ಕೆ ತೊಂಬತ್ತೊಂಬತ್ತು ಕೊಟ್ಟರೆ? ಈಗಿನ ಮೌಲ್ಯಮಾಪನವೇ ಹಿಂಗೆ," ಅಂತ ಮೇಷ್ಟ್ರು ಬೇಸರದಿಂದ ಬಾಳೆಹಣ್ಣು ಇಟ್ಟು ಹೋದರು.

ಶುಕ್ರವಾರ ಬಂತು. ಹತ್ತೂಮುಕ್ಕಾಲಿಗೆ ಬೊಮ್ಮಲಿಂಗಪ್ಪನವರು ಸರದಿಯ ಪ್ರಕಾರ ಮುಂದಿನ ಪತ್ರ ತೆಗೆದರು. 2011ರ ಆಗಸ್ಟಿನದು. ಕಳಿಸಿದವನು ಮೊಳಕಾಲ್ಮೂರು ಶಾಖೆಯ ದೊಡ್ಡಪಾಲಯ್ಯ.

ಈ ದೊಡ್ಡಪಾಲಯ್ಯನ ವಿಷಯ ಸ್ವಲ್ಪ ಹೇಳಬೇಕು. 1988ರಲ್ಲಿ ಬೊಮ್ಮಲಿಂಗಪ್ಪ ಇಪ್ಪತ್ತೆರಡರ ಹುಡುಗನಾಗಿ ಮೊಳಕಾಲ್ಮೂರಿಗೆ ಮೊದಲ ನೇಮಕಾತಿ ಮೇಲೆ ಹೋದಾಗ, ಅದೇ ತಿಂಗಳು ಅಲ್ಲಿ ಸೇರಿದವನು ಅವನು. ಹೋದ ಎರಡೇ ವಾರಕ್ಕೆ ಇವರಿಗೆ ಕಾಮಾಲೆಯಾಯಿತು. ದೊಡ್ಡಪಾಲಯ್ಯನ ತಾಯಿ ನಿಂಗಕ್ಕ ಬಾಡಿಗೆ ಕೋಣೆಗೆ ಬಂದು, ಚಾಪೆ ಸುತ್ತಿಸಿ, ತನ್ನ ಮನೆಗೆ ಎಳೆದುಕೊಂಡು ಹೋದಳು. ಮೂರು ವರ್ಷ ಇವರು ಅಲ್ಲೇ ಉಂಡರು, ಮಗ್ಗದ ಪಕ್ಕದಲ್ಲೇ ಮಲಗಿದರು. ನಿಂಗಕ್ಕ ಎಳೆ ಎಣಿಸುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. ಲಾಳಿಯ ಸದ್ದಿಗೆ ಎಚ್ಚರವಾಗಿ, ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಏಳುತ್ತಿದ್ದ ದಿನಗಳ ಮಾತನ್ನು ಬೊಮ್ಮಲಿಂಗಪ್ಪನವರು ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಆದರೆ ಹದಿಮೂರು ವರ್ಷದಿಂದ ದೊಡ್ಡಪಾಲಯ್ಯ ಇವರೊಂದಿಗೆ ಸರಿಯಾಗಿ ಮಾತಾಡಿರಲಿಲ್ಲ. "ಲೇ ಬೊಮ್ಮ" ಅನ್ನುತ್ತಿದ್ದವನು ಫೋನಿನಲ್ಲಿ "ಸರಿ ಸಾರ್, ಆಗ್ಲಿ ಸಾರ್" ಅನ್ನತೊಡಗಿದ್ದ. ತಮಗೆ ಹೆಡ್ ಕ್ಲರ್ಕ್ ಹುದ್ದೆ ಸಿಕ್ಕಿದ್ದಕ್ಕೆ ಅವನಿಗೆ ಹೊಟ್ಟೆಕಿಚ್ಚು ಅಂತ ಇವರು ತೀರ್ಮಾನಿಸಿ, ತಾವೂ ಬಿಗಿಯಾಗಿಬಿಟ್ಟಿದ್ದರು.

ಮೇಲ್ ಕನ್ನಡದ್ದೇ, ಅಕ್ಷರ ಮಾತ್ರ ಇಂಗ್ಲಿಷಿನವು. ಬೊಮ್ಮಲಿಂಗಪ್ಪನವರು ಬೆರಳಿಟ್ಟು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದರು.

"ಲೇ ಬೊಮ್ಮ, ಇದು ನಾನು ಕಳಿಸ್ತಿರೋ ಮೊದಲನೇ ಇ-ಮೇಲು. ನಿನಗೇ ಮೊದಲು. ಅವ್ವನ ಕಣ್ಣು ಪೂರ್ತಿ ಮಂಜಾಗೈತೆ. ಈಗ ಮಗ್ಗದಲ್ಲಿರೋದೇ ಆಕೆ ನೇಯೋ ಕಡೇ ಸೀರೆ. ಭಾನುವಾರ ಮುಗೀತೈತೆ. ಅದನ್ನ ಮಗ್ಗದಿಂದ ಕತ್ತರಿಸಿ ಇಳಿಸೋಕೆ ಬೊಮ್ಮನೇ ಬರಬೇಕಂತೆ. ನನ್ನ ಇಬ್ಬರು ಮಕ್ಕಳೂ ಎದುರಿಗಿರಬೇಕು ಅಂತಾಳೆ. ಉತ್ತರ ಬರೀಬೇಡ. ಬಾ."

ಆಗಿನ ಆಪರೇಟರ್ ಇದು ಕಚೇರಿ ವಿಷಯವಲ್ಲವೆಂದು ಪ್ರಿಂಟ್ ತೆಗೆದು ಕೊಟ್ಟಿರಲಿಕ್ಕಿಲ್ಲ. ಆಮೇಲೆ ಅವನು ಕೆಲಸ ಬಿಟ್ಟ. ಪತ್ರ ಅಲ್ಲೇ ಉಳಿಯಿತು.

ಬೊಮ್ಮಲಿಂಗಪ್ಪನವರು ಎರಡನೇ ಸಲ ಓದಲಿಲ್ಲ. ಅದರ ಒಂದು ಪ್ರಿಂಟ್ ತೆಗೆದು, ನಾಲ್ಕಾಗಿ ಮಡಚಿ ಜೇಬಿಗಿಟ್ಟು, "ವೀರೇಶ, ಏಳು. ಬಸ್ಸಿಗೆ ಹೋಗ್ಬೇಕು," ಅಂದರು. ಊಟದ ಡಬ್ಬಿ ಮೇಜಿನ ಕೆಳಗೇ ಉಳಿಯಿತು.

ಬಸ್ಸು ತಳಕು ದಾಟುವವರೆಗೂ ಅವರು ಜೇಬಿನ ಕಾಗದವನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಆಮೇಲೆ ಮೆಲ್ಲಗೆ, "ನಿಂಗಕ್ಕ ಇದಾಳೋ ಇಲ್ವೋ ಕಣೋ," ಅಂದರು.

"ತೀರಿಕೊಂಡಿದ್ರೆ ದೊಡ್ಡಪಾಲಯ್ಯ ರಜೆ ಅರ್ಜಿ ಕಳಿಸ್ತಿರಲಿಲ್ವಾ ಸಾರ್?"

"ಅದನ್ನೂ ಮೇಲಲ್ಲಿ ಕಳಿಸಿದ್ರೆ? ನಾನಿನ್ನೂ 2011ರಲ್ಲೇ ಇದೀನಲ್ಲೋ!"

ಬಿ.ಜಿ.ಕೆರೆ ಹತ್ತಿರ ಬರುವಾಗ ಅವರ ಫೋನು ಹೊಡೆದುಕೊಂಡಿತು. ರಶ್ಮಿತಾ. ಊರಿಂದ ಆಗತಾನೇ ಕಚೇರಿಗೆ ಬಂದಿದ್ದಳು. ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಸಾರ್, ಏನ್ ಮಾಡಿಟ್ಟಿದೀರಿ! ತೊಂಬತ್ತೊಂಬತ್ತು ತುಂಬೈತೆ! ಪೂರ್ತಿ ತುಂಬೋಕೆ ಒಂದೇ ಬಾಕಿ!"

"ತುಂಬಿರೋದಾ? ಮುಗಿದಿರೋದಲ್ವಾ?"

"ತುಂಬಿರೋದು ಸಾರ್! ಹೈದರಾಬಾದ್ ಪತ್ರ ಬಂದ್ರೆ ಒಳಗೇ ಹೋಗಲ್ಲ! ಲಾಗೌಟ್ ಬೇರೆ ಆಗೈತೆ. ಪಾಸ್‌ವರ್ಡ್ ಹೇಳ್ರಿ ಬೇಗ!"

ಬೊಮ್ಮಲಿಂಗಪ್ಪನವರ ಮುಖ ಕೆಂಪಾಯಿತು. ಅತ್ತಿತ್ತ ನೋಡಿ, ಕೈ ಅಡ್ಡ ಹಿಡಿದು ಪಿಸುಗುಟ್ಟಿದರು. ಅವಳಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದರು. ಸಿಗ್ನಲ್ ಹೋಗಿ ಬಂತು. ಕಡೆಗೆ ಸೀಟಿನಿಂದ ಎದ್ದು ನಿಂತು, ಕಂಬಿ ಹಿಡಿದು, ಬಸ್ಸೆಲ್ಲ ತಿರುಗುವಂತೆ ಕೂಗಿದರು:

"ನಿಂಗಕ್ಕ! ನಿಂಗಕ್ಕ ಎಂಬತ್ತೆಂಟು!"

ಕಂಡಕ್ಟರ್ ಸೀಟಿ ಊದಿಬಿಟ್ಟ. ಬಸ್ಸು ನಿಂತಿತು. "ಯಾರ್ರೀ ನಿಂಗಕ್ಕ, ಇಳಿಯೋರು?" ಅಂದ.

ಹಿಂದಿನ ಸೀಟಿನಲ್ಲಿ ಸೀರೆಯ ಗಂಟು ತೊಡೆ ಮೇಲಿಟ್ಟುಕೊಂಡಿದ್ದ ಹೆಂಗಸೊಬ್ಬಳು, "ಮೊಳಕಾಲ್ಮೂರು ನಿಂಗಕ್ಕನಾ ಸಾಮಿ? ಪಾಲಯ್ಯನ ತಾಯಿ? ಎಂಬತ್ತೆಂಟಲ್ಲ, ಎಂಬತ್ತಾರು ಆಯಮ್ಮಂಗೆ. ಮೊನ್ನೆ ತಾನೇ ನನ್ನ ಸೀರೆ ಮುಟ್ಟಿ ನೋಡಿ, ಅಂಚು ಸಡಿಲ ಐತೆ ಅಂತ ಉಗಿದು ಕಳಿಸಿದ್ಲು," ಅಂದಳು.

ಬೊಮ್ಮಲಿಂಗಪ್ಪನವರು ಸೀಟಿನ ಮೇಲೆ ದೊಪ್ಪನೆ ಕೂತರು. ಫೋನಿನಲ್ಲಿ ರಶ್ಮಿತಾ ಕೇಳುತ್ತಿದ್ದಳು. "ಓಪನ್ ಆಯ್ತು ಸಾರ್. ಏನು ಅಳಿಸ್ಲಿ? ಯಾವುದಕ್ಕೆ ಉತ್ತರ ಕೊಟ್ಟಿಲ್ಲ ನೀವು?"

"ಈ ವಾರ ನಾನು ಬರೆದಿದ್ದೆಲ್ಲ ಅಳಿಸು ತಾಯಿ."

"ಸೀಲ್ ಹಾಕಿರೋವು ಸಾರ್!"

"ಎಲ್ಲ ಅಳಿಸು," ಅಂದು ಕಿಟಕಿಯ ಕಡೆ ತಿರುಗಿದರು. ಮೂವತ್ತಾರು ವರ್ಷದಲ್ಲಿ ಅವರು ತಮ್ಮ ಸಹಿಯಿದ್ದ ಕಾಗದವೊಂದನ್ನು ನಾಶಮಾಡಲು ಹೇಳಿದ್ದು ಅದೇ ಮೊದಲು.

ಶಾಖೆಯಲ್ಲಿ ದೊಡ್ಡಪಾಲಯ್ಯ ಒಬ್ಬನೇ ಇದ್ದ. ಯತ್ತಪ್ಪ ಮಾವನ ಮನೆಯವರಿಗೆ ಸಮಾಧಾನ ಹೇಳಲು ಹೋಗಿದ್ದನಂತೆ. ಇವರನ್ನು ಕಂಡದ್ದೇ ಕುರ್ಚಿ ಬಿಟ್ಟು ಎದ್ದ. "ಬನ್ನಿ ಸಾರ್. ಇನ್‌ಸ್ಪೆಕ್ಷನ್ನಾ ಸಾರ್?"

ಬೊಮ್ಮಲಿಂಗಪ್ಪನವರು ಜೇಬಿನ ಕಾಗದ ಬಿಚ್ಚಿ ಮೇಜಿನ ಮೇಲಿಟ್ಟರು. "ಇದು ಬಂತು."

ದೊಡ್ಡಪಾಲಯ್ಯ ಓದಿದ. ಮೇಲಿನ ತಾರೀಖಿನ ಮೇಲೆ ಬೆರಳಿಟ್ಟ. "ಹದಿಮೂರು ವರ್ಷ ಆತು ಇದನ್ನ ಕಳಿಸಿ."

"ನಾನು ಓದಿದ್ದು ಇವತ್ತು ಹತ್ತೂಮುಕ್ಕಾಲಿಗೆ."

"ನಿಜವಾಗ್ಲೂನಾ?"

"ನಿಂಗಕ್ಕನ ಆಣೆ."

ದೊಡ್ಡಪಾಲಯ್ಯ ಕುರ್ಚಿ ಹಿಡಿದು ಕೂತ. "ಆವತ್ತು ಹೋಯ್ತೋ ಇಲ್ವೋ ಗೊತ್ತಾಗ್ದೆ ಆ ಬಟನ್ನ ಮೂರು ಸಲ ಒತ್ತಿದ್ದೆ."

"ಮೂರೂ ಬಂದೈತೆ. ಒಂದರ ಕೆಳಗೊಂದು ಐತೆ."

"ಅವ್ವ ಆ ಭಾನುವಾರ ಕತ್ತಲಾಗೋ ಗಂಟ ಕಾದ್ಲು ಕಣೋ. ದೊಡ್ಡ ಕ್ಲರ್ಕ್ ಆದ, ನಮ್ಮನೆ ಎಲ್ಲಿ ನೆನಪಿರ್ತೈತೆ ಅಂತ ನಾನೇ ಅಂದೆ. ಅಂದಿದ್ದಕ್ಕೆ ಆಕೆ ನನ್ನ ಹತ್ರ ಎರಡು ದಿನ ಮಾತು ಬಿಟ್ಟಿದ್ಲು."

ಹೊರಗೆ ಯಾವುದೋ ಮನೆಯ ಮಗ್ಗ ಟಕ್ ಟಕ್ ಅನ್ನುತ್ತಿತ್ತು. ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದೆ.

ಮನೆಗೆ ಹೋದಾಗ ನಿಂಗಕ್ಕ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಸೊಸೆ ಮಗ್ಗದಲ್ಲಿದ್ದಳು. ಬೊಮ್ಮಲಿಂಗಪ್ಪನವರು ಹೋಗಿ ಕಾಲು ಹಿಡಿದರು. ನಿಂಗಕ್ಕ ಕೈಚಾಚಿ ಅವರ ತಲೆ, ಕೆನ್ನೆ, ಹೊಟ್ಟೆ ಎಲ್ಲ ತಡವಿ ನೋಡಿದಳು.

"ಬೊಮ್ಮನೇನೋ? ಕೂದಲೆಲ್ಲ ಎಲ್ಲಿ ಬಿಟ್ಟೆ? ಹದಿಮೂರು ವರ್ಷ ಬಸ್ಸೇ ಸಿಗ್ಲಿಲ್ವೇನೋ ನಿನಗೆ?"

"ಕಾಗದ ಸಿಗ್ಲಿಲ್ಲ ಅವ್ವ."

"ಕಾಗದ ಯಾಕೆ ಬೇಕೋ? ಕಾಮಾಲೆ ಆದಾಗ ಕಾಗದ ಬರೆದು ಬಂದಿದ್ನೇನೋ ನಾನು?"

ಬೊಮ್ಮಲಿಂಗಪ್ಪನವರು ಕಣ್ಣೊರೆಸಿಕೊಂಡು, ಆ ಕಡೇ ಸೀರೆ ಎಲ್ಲಿದೆ, ಒಂದು ಸಲ ನೋಡಬಹುದಾ ಅಂತ ಕೇಳಿದರು.

"ಎಲ್ಲಿರ್ತೈತೆ? ಮರುವಾರವೇ ಮಾರ್ದೆ. ನೇಯೋದು ಉಡೋರಿಗೆ ಕಣೋ, ಪೆಟ್ಟಿಗೇಲಿಟ್ಟು ಪೂಜೆ ಮಾಡೋಕಲ್ಲ. ಬಳ್ಳಾರಿಯೋರು ಯಾರೋ ಮಗಳ ಧಾರೆಗೆ ತಗಂಡು ಹೋದ್ರು. ಚಲೋ ಉಟ್ಟಿರ್ತಾಳೆ ಬಿಡು." ಆಮೇಲೆ ಮಗ್ಗದ ಸದ್ದಿನ ಕಡೆ ಕಿವಿ ತಿರುಗಿಸಿ, "ಸೊಸೇದು ಬರೋ ಗುರುವಾರ ಮುಗೀತೈತೆ. ಬರ್ತೀಯೇನು? ಈಗ ಬಾಯಲ್ಲೇ ಹೇಳಿದೀನಿ. ಕೇಳಿಸ್ತಾ?" ಅಂದಳು.

"ಕೇಳಿಸ್ತು ಅವ್ವ."

ಸಂಜೆಯಾಗುವ ಹೊತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಬಂತು. ಮೂರನೇ ರೊಟ್ಟಿ ಮುರಿಯುವಾಗ ರಶ್ಮಿತಾಳ ಫೋನು. ಹೈದರಾಬಾದ್ ಪತ್ರ ನಾಲ್ಕು ಗಂಟೆಗೆ ಬಂದಿತ್ತು, ಚಿತ್ರದುರ್ಗದಿಂದ ಮೇಡಂ ಫೋನಿನಲ್ಲೇ ಒಪ್ಪಿದ್ದರು, ನಾಲ್ಕು ಹತ್ತಕ್ಕೆ ಒಪ್ಪಿಗೆ ಹೋಗಿತ್ತು. "ಇನ್ನೂ ಆರು ಸಾವಿರ ಹಳೇ ಮೇಲ್ ಐತೆ ಸಾರ್. ಸೋಮವಾರ ಏನು ಮಾಡೋದು?" ಅಂತ ಕೇಳಿದಳು.

"ನೀನು ಒಂದೊಂದಾಗಿ ಓದಮ್ಮ. ಯಾರಾದ್ರೂ ಬಾ ಅಂತ ಕರೆದಿದ್ರೆ ನನಗೆ ಹೇಳು. ಮಿಕ್ಕಿದ್ದು ನಿನ್ನಿಷ್ಟ."

ಬುಧವಾರ ಅವರು ಮೇಡಂ ಮುಂದೆ ರಜೆ ಅರ್ಜಿ ಇಟ್ಟರು. ಕೈಯಲ್ಲಿ ಬರೆದಿದ್ದರು. ಕಾರಣ ಅನ್ನುವಲ್ಲಿ, "ಹದಿಮೂರು ವರ್ಷದ ಹಿಂದೆ ಕರೆದಿದ್ದರು" ಅಂತ ಇತ್ತು. ಮೇಡಂ ಎರಡು ಸಲ ಓದಿದರು, ಏನೋ ಕೇಳಲು ಬಾಯಿ ತೆರೆದರು, ಕೇಳದೆ ಸಹಿ ಹಾಕಿದರು.

ಗುರುವಾರ ಬಸವಲಿಂಗಮ್ಮನವರೂ ಜೊತೆಗೆ ಬಂದರು, ನನ್ನನ್ನೂ ಎಳೆದುಕೊಂಡು ಹೋದರು. ಮಗ್ಗದ ಮೇಲೆ ಮಾವಿನ ಚಿಗುರಿನ ಬಣ್ಣದ ಸೀರೆ ಬಿಗಿದು ನಿಂತಿತ್ತು. ದೊಡ್ಡಪಾಲಯ್ಯ ಕತ್ತರಿ ತಂದುಕೊಟ್ಟ. ನಿಂಗಕ್ಕನನ್ನು ಹಿಡಿದು ತಂದು ಮಗ್ಗದ ಪಕ್ಕ ಕೂರಿಸಿದರು. ಅವಳು ಸೆರಗಿನ ಕೊನೆಯ ಮೇಲೆ ಅಂಗೈಯಿಟ್ಟು ತಡವಿ, "ಹೂಂ, ಇಲ್ಲಿ," ಅಂದಳು. ಬೊಮ್ಮಲಿಂಗಪ್ಪನವರು ಕನ್ನಡಕ ಸರಿಮಾಡಿಕೊಂಡರು. ಉಸಿರು ಹಿಡಿದು, ನಾಲಿಗೆ ತುದಿ ಕಚ್ಚಿಕೊಂಡು ಕತ್ತರಿ ಆಡಿಸಿದರು. ಸೀರೆ ಸಡಿಲವಾಗಿ ಮಡಿಲಿಗೆ ಬಿತ್ತು.

ನಿಂಗಕ್ಕ ಕತ್ತರಿಸಿದ ಅಂಚಿನುದ್ದಕ್ಕೂ ಬೆರಳು ಎಳೆದು, ನಡುವೆ ಒಂದು ಕಡೆ ನಿಲ್ಲಿಸಿದಳು.

"ಸೊಟ್ಟ ಕುಯ್ದೆಯಲ್ಲೋ!"

ದೊಡ್ಡಪಾಲಯ್ಯ ಗೋಡೆ ಹಿಡಿದುಕೊಂಡು ನಗತೊಡಗಿದ. "ಲೇ ಬೊಮ್ಮ," ಅಂದ. ಮುಂದಿನ ಮಾತು ನಗುವಿನಲ್ಲಿ ಬರಲೇ ಇಲ್ಲ.